ಕಣಿಪುರದ ಅಂಕಿತ
14ನೆಯ ಲೂಯಿಯ ಆಸ್ಥಾನದ ಬ್ಯಾಲೆಗಳ ಸಂಗೀತವನ್ನು ಅರಮನೆಯ ಸಂಗೀತ ಗ್ರಂಥಪಾಲಕ ಫಿಲಿಡೋರ್ ಸ್ವರಲಿಪಿಯಲ್ಲಿ ನಕಲಿಸಿ ಉಳಿಸಿದ. ಕಾಸರಗೋಡಿನ ಯಕ್ಷಗಾನ ಪ್ರಸಂಗಗಳ ಓಲೆಗಳಲ್ಲಿ ಅಂಥ ಸ್ವರಲಿಪಿಯಿಲ್ಲ. ಪದ್ಯದ ತಲೆಯಲ್ಲಿ ರಾಗ, ತಾಳಗಳ ಹೆಸರಷ್ಟೇ. ಧಾಟಿ ಉಳಿದದ್ದು ಭಾಗವತರ ಕಂಠದಲ್ಲಿ.

ಕವಿಯ ಸಹಿಯೂ ಅಷ್ಟು ಸರಳವಲ್ಲ. ಪಾರ್ತಿಸುಬ್ಬನವೆನ್ನುವ ರಾಮಾಯಣ ಪ್ರಸಂಗಗಳಲ್ಲಿ ಸಹಿಯ ಸ್ಥಾನದಲ್ಲಿರುವವನು ಕಣಿಪುರದ, ಅಂದರೆ ಕುಂಬಳೆಯ, ಗೋಪಾಲಕೃಷ್ಣ. ಅಂಕಿತ ಊರನ್ನು ತೋರುತ್ತದೆ, ಕರ್ತೃವನ್ನಲ್ಲ. ಸುಬ್ಬನ ಕರ್ತೃತ್ವವನ್ನು ಮುಳಿಯ ತಿಮ್ಮಪ್ಪಯ್ಯನವರು ಎತ್ತಿಹಿಡಿದರು, ಶಿವರಾಮ ಕಾರಂತರು ಅಲ್ಲಗಳೆದರು, ಕುಕ್ಕಿಲ ಕೃಷ್ಣ ಭಟ್ಟರು ಮತ್ತೆ ಸಮರ್ಥಿಸಿದರು.

ಇಂಥ ವಾದದಲ್ಲಿ ಸಂಗ್ರಾಹಕ ಮೊದಲು ಹುಡುಕಬೇಕಾದುದು ಲಿಪಿಕಾರ ಸಂವತ್ಸರ, ತಿಥಿ, ತನ್ನ ಹೆಸರು ಬರೆದಿಡುವ ಕೊನೆಯ ಗರಿಯನ್ನು. ಕಟ್ಟಿನ ಹೊರಗರಿಯಾದ್ದರಿಂದ ಮೊದಲು ಮುರಿಯುವುದೂ ಅದೇ.