ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳು

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಚರಿತ್ರೆಯ ಕುರಿತು ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಕಟ್ಟಡ, ಆಟದ ಮೈದಾನ, ಫಲಿತಾಂಶಗಳ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ. ನಾನು ಈ ಶಾಲೆಯಲ್ಲಿ ಓದಿದವಳು, ಮುಂದೆ ಇಲ್ಲೇ ಸಮಾಜ ವಿಜ್ಞಾನ ಪಾಠ ಮಾಡಿದವಳು. ಆ ವರ್ಷಗಳಲ್ಲಿ ದಿನಕ್ಕೊಮ್ಮೆಯಾದರೂ ತಪ್ಪದೆ ಮಾಡಿದ ಕೆಲಸವೆಂದರೆ ಹಾಜರಿ ಕೂಗುವುದು. ಹಾಗಾಗಿ ಹೆಸರುಗಳ ಚರಿತ್ರೆಯನ್ನೇ ಬರೆಯುತ್ತೇನೆಂದು ಹೇಳಿ, ಎರಡು ಮಧ್ಯಾಹ್ನ ಕುಳಿತು ಹಳೆಯ ದಾಖಲಾತಿ ರಿಜಿಸ್ಟರ್‌ಗಳನ್ನು ತಿರುವಿಹಾಕಿದೆ. ಅದರಲ್ಲಿರುವ ಯಾರ ಹೆಸರನ್ನೂ ಇಲ್ಲಿ ಪೂರ್ತಿ ಬರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಗಾಬರಿಪಡಬೇಕಾಗಿಲ್ಲ, ಯಾರು ಎಷ್ಟು ಸಲ ಫೇಲಾದರು ಎಂಬುದನ್ನೂ ನಾನು ನೋಡಲಿಲ್ಲ.

ನಮ್ಮ ಊರಿನ ಹೆಸರೇ ಮೊಟಕಾದ ಹೆಸರು. ದೊಡ್ಡ ವೀರರಾಜೇಂದ್ರ ಅರಸರು 1792ರಲ್ಲಿ ಕಟ್ಟಿಸಿದ ಪೇಟೆ ಇದು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಅಬರ್‌ಕ್ರೋಂಬಿಯನ್ನು ಅರಸರು ಭೇಟಿಯಾದ ನೆನಪಿಗೆ ಕಟ್ಟಿಸಿದ್ದು. ವೀರರಾಜೇಂದ್ರಪೇಟೆ ಎಂಬ ಉದ್ದನೆಯ ಹೆಸರು ಬಾಯಿಂದ ಬಾಯಿಗೆ ಸವೆದು ವಿರಾಜಪೇಟೆ ಆಯಿತು. ಕೊನೆಗೆ ಪೇಟೆ ಎಂದಷ್ಟೇ ಉಳಿದು, ಸುತ್ತಲ ಊರಿನವರೆಲ್ಲ ಸಂತೆಗೆ ‘ಪೇಟೆಗೆ ಹೋಗಿ ಬರುತ್ತೇನೆ’ ಎಂದೇ ಹೊರಡುತ್ತಾರೆ.

ಕೊಡಗಿನಲ್ಲಿ ಒಬ್ಬರ ಹೆಸರು ಕೇಳಿದರೆ ಮೊದಲು ಬರುವುದು ಮನೆಯ ಹೆಸರು. ಕೊಡವರಲ್ಲಿ ಅದು ಒಕ್ಕದ ಹೆಸರು, ಮನೆಪೆದ. ‘ಅಂಡ’ ಎಂದೋ ‘ಇರ’ ಎಂದೋ ‘ಏರ’ ಎಂದೋ ಮುಗಿಯುವ ಆ ಮಾತು ಕಿವಿಗೆ ಬಿದ್ದ ಕೂಡಲೇ, ಯಾವ ನಾಡು, ಯಾವ ಊರು, ಯಾವ ಐನ್‌ಮನೆ, ನಮಗೂ ಅವರಿಗೂ ಸಂಬಂಧ ಬೆಳೆಸಬಹುದೋ ಬಾರದೋ ಎಂಬುದೆಲ್ಲ ಹಿರಿಯರಿಗೆ ತಿಳಿದುಬಿಡುತ್ತದೆ. ಒಂದೇ ಒಕ್ಕದೊಳಗೆ ಮದುವೆ ಇಲ್ಲವಲ್ಲ. ಇದು ಕೊಡವರದ್ದು ಮಾತ್ರವಲ್ಲ. 1837ರಲ್ಲಿ ಮಡಿಕೇರಿಯಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಅಪ್ಪಯ್ಯ ಗೌಡರನ್ನು ನಾವು ಇಂದಿಗೂ ಗುಡ್ಡೆಮನೆ ಅಪ್ಪಯ್ಯ ಗೌಡರೆಂದೇ ಕರೆಯುತ್ತೇವೆ. ನಮ್ಮ ತಾಲ್ಲೂಕಿನ ಕೊಡವ ಮಾಪಿಳ್ಳೆಗಳಲ್ಲೂ ಆಲೀರ, ದುದ್ದಿಯಂಡ ಮುಂತಾದ ಮನೆಹೆಸರುಗಳು ಇವೆ. ಹೆಗ್ಗಡೆ, ಐರಿ ಮೊದಲಾದವರಲ್ಲೂ ಹಾಗೆಯೇ.

ಹಿಂದಿನವರಿಗೆ ಒಕ್ಕದ ಹೆಸರು ಒಂದು, ಸ್ವಂತ ಹೆಸರು ಒಂದು, ಇಷ್ಟು ಸಾಕಿತ್ತು. ಕೊಡವ ಭಾಷೆಯಲ್ಲಿ ನಾಟಕ ಬರೆದ ಹರದಾಸ ಅಪ್ಪಚ್ಚ ಕವಿ (1868–1944) ಅಪ್ಪನೆರವಂಡ ಅಪ್ಪಚ್ಚ. 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿ ನಮ್ಮ ಹಾಡುಗಳನ್ನು ಉಳಿಸಿಕೊಟ್ಟವರು ನಡಿಕೇರಿಯಂಡ ಚಿಣ್ಣಪ್ಪ. ನಡುವೆ ತಂದೆಯ ಹೆಸರಿಲ್ಲ. ತಂದೆಯ ಹೆಸರು ಸೇರಿಕೊಂಡದ್ದು ಶಾಲೆ, ಕಚೇರಿ, ಪಟಾಲಮ್ಮುಗಳ ಕಾಲದಲ್ಲಿ. ಒಂದೇ ಒಕ್ಕದಲ್ಲಿ ನಾಲ್ಕು ಮಂದಿ ಪೊನ್ನಪ್ಪಂದಿರಿದ್ದರೆ ಗುಮಾಸ್ತರಿಗೆ ಗೊತ್ತಾಗುವುದು ಹೇಗೆ? ಹೀಗೆ ಕೊಡಂದೇರ ಮಾದಪ್ಪ ಕಾರ್ಯಪ್ಪ, ಚೆಪ್ಪುಡೀರ ಮುತ್ತಣ್ಣ ಪೂಣಚ್ಚ ಎಂಬ ಮೂರು ಭಾಗದ ಹೆಸರುಗಳಾದವು. ಅವೇ ಇಂಗ್ಲಿಷಿನಲ್ಲಿ ಕುಗ್ಗಿ ಕೆ.ಎಂ. ಕಾರ್ಯಪ್ಪ, ಸಿ.ಎಂ. ಪೂಣಚ್ಚ ಎಂದಾದವು. ಒಬ್ಬರು ದೇಶದ ಸೇನೆಯ ಮಹಾದಂಡನಾಯಕರು, ಇನ್ನೊಬ್ಬರು 1956ರಲ್ಲಿ ಕೊಡಗು ಮೈಸೂರಿಗೆ ಸೇರುವವರೆಗೆ ನಮ್ಮ ಪುಟ್ಟ ರಾಜ್ಯದ ಮುಖ್ಯಮಂತ್ರಿ. ದೊಡ್ಡವರ ‘ಕೆ’ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಆದರೆ ನಮ್ಮ ರಿಜಿಸ್ಟರಿನಲ್ಲಿ ‘ಕೆ’ ಎಂದು ಆರಂಭವಾಗುವವರು ಸಾಲುಸಾಲಾಗಿ ಇದ್ದಾರೆ, ಯಾವ ‘ಕೆ’ ಯಾವ ಒಕ್ಕ ಎಂದು ಈಗ ಕೇಳಿದರೆ ಹೇಳುವವರಿಲ್ಲ. ಶಾಲೆಯ ಪುಸ್ತಕ ಒಕ್ಕದ ಹೆಸರನ್ನು ಅಳಿಸಲಿಲ್ಲ, ಒಂದು ಅಕ್ಷರದೊಳಗೆ ಮುಚ್ಚಿಟ್ಟಿತು.

ಮುಂದಿನ ಬದಲಾವಣೆಯನ್ನು ತಿಳಿಯಲು ಕಾರ್ಯಪ್ಪನವರ ಮನೆಯೇ ಸಾಕು. ತಂದೆ ಮಾದಪ್ಪ, ಮಗ ಕಾರ್ಯಪ್ಪ, ಮನೆಯಲ್ಲಿ ಕರೆಯುವ ಹೆಸರು ಚಿಮ್ಮ. ಆ ಕಾರ್ಯಪ್ಪನವರ ಮಗ, 1965ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆಯಾಗಿದ್ದ ವಾಯುಪಡೆಯ ಅಧಿಕಾರಿ, ನಂದಾ ಕಾರ್ಯಪ್ಪ. ಎರಡೇ ತಲೆಮಾರಿನಲ್ಲಿ ಹಳೆಯ ಹೆಸರು ಹಿಂದಕ್ಕೆ ಸರಿದು, ಮುಂದೆ ಹೊಸದೊಂದು ಬಂದು ಕೂತಿತು. ನಮ್ಮ ರಿಜಿಸ್ಟರಿನಲ್ಲೂ ಹಾಗೆಯೇ. ಮೊದಲ ಪುಸ್ತಕದಲ್ಲಿ ಮಂದಣ್ಣ, ಉತ್ತಪ್ಪ, ಬೆಳ್ಳಿಯಪ್ಪ, ಪೂವಯ್ಯ. ಆಮೇಲಿನವುಗಳಲ್ಲಿ ಮೆಲ್ಲಗೆ ಸುರೇಶ್ ಮಂದಣ್ಣ, ದಿನೇಶ್ ಉತ್ತಪ್ಪ ಎಂಬ ಬಗೆಯವು. ಅದಕ್ಕೂ ಮುಂದೆ ನಾನು ಉಚ್ಚಾರ ಕಲಿಯಬೇಕಾಗಿ ಬಂದ ಹೆಸರುಗಳು. ಆದರೂ ಬಾಲಕ್ಕೆ ಒಂದು ಅಪ್ಪಟ ಕೊಡಗಿನ ಹೆಸರು ಇದ್ದೇ ಇರುತ್ತದೆ. ಟೆನಿಸಿನ ರೋಹನ್ ಬೋಪಣ್ಣ, ಬ್ಯಾಡ್ಮಿಂಟನ್ನಿನ ಅಶ್ವಿನಿ ಪೊನ್ನಪ್ಪ, ಸಿನಿಮಾದ ನಮ್ಮ ವಿರಾಜಪೇಟೆಯ ರಶ್ಮಿಕಾ ಮಂದಣ್ಣ, ಹೀಗೆ ಲೋಕವೆಲ್ಲ ಕೇಳುವ ಹೆಸರುಗಳಲ್ಲಿ ಹಳಬರು ಎರಡನೆಯ ಸ್ಥಾನದಲ್ಲಿ ಜೀವಂತವಾಗಿದ್ದಾರೆ. ಕಿವಿಗೂ ಹಿತ. ಮುಂದೆ ಎರಡು ಮೂರು ಅಕ್ಷರದ ಹಗುರವಾದ ಹೊಸ ಹೆಸರು, ಹಿಂದೆ ಒತ್ತಕ್ಷರದ ಭಾರವಿರುವ ಹಳೆಯ ಹೆಸರು, ಹಾಜರಿ ಕೂಗುವಾಗ ನಾಲಿಗೆ ಚೆನ್ನಾಗಿ ನಿಲ್ಲುತ್ತದೆ. ಮೂವತ್ತು ವರ್ಷ ಕೂಗಿದವಳ ಮಾತು ಇದು, ನಂಬಬಹುದು.

ರಿಜಿಸ್ಟರ್ ಮುಚ್ಚಿಡುವ ಹೊತ್ತಿಗೆ ನನಗೆ ಹೊಳೆದದ್ದು ಬೇರೆ. ಹೀಗೆ ಉಳಿದುಕೊಂಡವೆಲ್ಲ ಗಂಡಸರ ಹೆಸರುಗಳು. ಅಶ್ವಿನಿಯ ಹಿಂದೆ ಪೊನ್ನಪ್ಪ, ರಶ್ಮಿಕಾಳ ಹಿಂದೆ ಮಂದಣ್ಣ. ಎರಡನೆಯ ಸ್ಥಾನ ತಂದೆಯದ್ದು, ಮದುವೆಯಾದ ಮೇಲೆ ಬಹಳ ಮಂದಿಗೆ ಗಂಡನದ್ದು. ಹಾಗಾದರೆ ಮೊದಲ ಪುಸ್ತಕದಲ್ಲಿದ್ದ ಪೊನ್ನವ್ವ, ಚಿಣ್ಣವ್ವ, ಮುತ್ತವ್ವ, ದೇಚವ್ವ, ಚೋಂದವ್ವ ಎಲ್ಲಿಗೆ ಹೋದರು? ಮೊದಲು ಅವರ ‘ಅವ್ವ’ ಹೋಗಿ ‘ಅಮ್ಮ’ ಬಂತು: ಪೊನ್ನಮ್ಮ, ದೇಚಮ್ಮ. ನಮ್ಮ ಭಾಷೆಯಲ್ಲಿ ತಾಯಿಗೆ ಅವ್ವ ಎನ್ನುವುದು, ಅಜ್ಜಿಗೆ ತಾಯಿ ಎನ್ನುವುದು. ಶಾಲೆಯ ಕನ್ನಡಕ್ಕೆ ಹೊಂದಿಕೊಳ್ಳಲು ಅವ್ವ ಅಮ್ಮನಾದಳು. ಆಮೇಲೆ ಅಮ್ಮನೂ ಹೋಗಿ ಆಶಾ, ಲತಾ, ಕವಿತಾ ಬಂದರು. ಹುಡುಗನಿಗೆ ಹೊಸ ಹೆಸರಿಟ್ಟಾಗ ಅಜ್ಜನ ಹೆಸರಿಗೆ ಹಿಂದೆ ಒಂದು ಜಾಗ ಸಿಕ್ಕಿತು. ಹುಡುಗಿಗೆ ಹೊಸ ಹೆಸರಿಟ್ಟಾಗ ಅಜ್ಜಿಯ ಹೆಸರಿಗೆ ಜಾಗವೇ ಇರಲಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ನಮ್ಮಲ್ಲಿ ಮಗುವಿಗೆ ಹನ್ನೆರಡನೆಯ ದಿನ ತೊಟ್ಟಿಲು ಹಾಕಿ, ಹಿರಿಯರ ಹೆಸರನ್ನು ಇಡುವುದು ಹಳೆಯ ಪದ್ಧತಿ. ಗಂಡು ಮಗುವಾದರೆ ಹುಟ್ಟಿದಾಗ ಒಂದು ಗುಂಡು ಹಾರಿಸಿ, ಹರಳು ಗಿಡದ ದಂಟಿನ ಬಿಲ್ಲು ಬಾಣವನ್ನು ಕೈಗೆ ಮುಟ್ಟಿಸುತ್ತಿದ್ದರು. ನನಗೆ ಬಿಲ್ಲಿರಲಿಲ್ಲ, ಹೆಸರಿತ್ತು. ತಂದೆಯ ತಾಯಿಯ ಹೆಸರು, ಬೊಳ್ಳವ್ವ. ಬೊಳ್ಳಿ ಎಂದರೆ ಬೆಳ್ಳಿ. ಪೊನ್ನು, ಬೊಳ್ಳಿ, ಮುತ್ತು, ಪೂವು, ಹೀಗೆ ಬೆಲೆಬಾಳುವುದರ, ಚೆಂದವಾದುದರ ಹೆಸರನ್ನೇ ನಮ್ಮವರು ಮಕ್ಕಳಿಗೆ ಇಡುತ್ತಿದ್ದರು. ಆರನೆಯ ವಯಸ್ಸಿಗೆ ಊರಿನ ಪ್ರಾಥಮಿಕ ಶಾಲೆಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದರು. ಅಲ್ಲಿದ್ದ ಮಾಸ್ತರರು ಬಯಲುಸೀಮೆಯಿಂದ ಬಂದವರು, ಒಳ್ಳೆಯವರು. ಹೆಸರನ್ನು ಎರಡು ಸಲ ಕೇಳಿ, ಅರ್ಥ ಕೇಳಿ, “ಬೆಳ್ಳಿ ಅಂದ್ರೆ ಬಿಳುಪು, ಬಿಳುಪು ಅಂದ್ರೆ ನಿರ್ಮಲ. ನಿರ್ಮಲ ಅಂತ ಬರೀಲಾ?” ಎಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು. ಸಂಜೆ ಮನೆಯಲ್ಲಿ ತಾಯಿ ಏನೂ ಹೇಳಲಿಲ್ಲ. ಆದರೆ ಸಾಯುವವರೆಗೆ ನನ್ನನ್ನು ಒಂದೇ ಒಂದು ಸಲವೂ ನಿರ್ಮಲ ಎಂದು ಕರೆಯಲಿಲ್ಲ.

ಇದರಿಂದ ತೊಂದರೆಯಾದದ್ದು ಬಹಳ ವರ್ಷಗಳ ಮೇಲೆ. ತವರಿನ ಜಮ್ಮಾ ಜಾಗದ ಕಾಗದಪತ್ರಕ್ಕೆ ವಂಶವೃಕ್ಷ ಮಾಡಿಸುವಾಗ ಹಿರಿಯರು ತಮಗೆ ತಿಳಿದಂತೆ ಬೊಳ್ಳವ್ವ ಎಂದು ಬರೆಸಿದರು. ಅಂಕಪಟ್ಟಿಯಲ್ಲಿ, ಪಿಂಚಣಿ ಪುಸ್ತಕದಲ್ಲಿ, ಆಧಾರ್‌ನಲ್ಲಿ ನಾನು ನಿರ್ಮಲ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಏಳು ತಿಂಗಳು ತಿರುಗಿದೆ. ಕೊನೆಗೆ, ಬೊಳ್ಳವ್ವ ಮತ್ತು ನಿರ್ಮಲ ಇಬ್ಬರೂ ಒಬ್ಬಳೇ ವ್ಯಕ್ತಿ ಎಂದು ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿ ಸಹಿ ಹಾಕಿದೆ. ಬೊಳ್ಳವ್ವ ಎಂಬ ಹೆಸರಿನಲ್ಲಿ ನನ್ನ ಬಗ್ಗೆ ಇರುವ ಎರಡೇ ದಾಖಲೆಗಳಲ್ಲಿ ಆ ಕಾಗದವೂ ಒಂದು.

ಮಾಸ್ತರರನ್ನು ದೂರಲಾರೆ, ಏಕೆಂದರೆ ಮುಂದೆ ನಾನೂ ಅದನ್ನೇ ಮಾಡಿದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರಿನ ಪಟ್ಟಿ ಕಳುಹಿಸುವಾಗ ಹಾಡಿಯಿಂದ ಬರುತ್ತಿದ್ದ ಯರವ ಹುಡುಗನೊಬ್ಬನಿಗೆ ಇನಿಷಿಯಲ್ ಇರಲಿಲ್ಲ. ಅವನದ್ದು ಒಂದೇ ಪದದ ಹೆಸರು, ಅವನ ತಂದೆಯದ್ದೂ ಹಾಗೆಯೇ. ಅವರಿಗೆ ಅದರಿಂದ ಏನೂ ಕೊರತೆಯಾಗಿರಲಿಲ್ಲ. ಕೊರತೆಯಾದದ್ದು ಫಾರಮಿಗೆ. ನಾಳೆ ಕೊನೆಯ ದಿನ ಎಂಬ ಅವಸರದಲ್ಲಿ, ಅವನ ಹಾಡಿ ಇದ್ದ ತೋಟದ ಹೆಸರಿನ ಮೊದಲ ಅಕ್ಷರವನ್ನು ಹಾಕಿ ಕಳುಹಿಸಿದೆ. ಆ ತೋಟ ಅವನದ್ದಲ್ಲ, ಅವನ ಅಪ್ಪ ಅಲ್ಲಿ ಕೂಲಿಗೆ ಹೋಗುತ್ತಿದ್ದರು ಅಷ್ಟೆ. ಹದಿನೈದು ವರ್ಷದ ನಂತರ ಜಾತಿ ಪ್ರಮಾಣಪತ್ರಕ್ಕೆ ಓಡಾಡುತ್ತಿದ್ದ ಅವನು ಪೇಟೆಯ ಗಡಿಯಾರ ಕಂಬದ ಹತ್ತಿರ ಸಿಕ್ಕಿ, “ಮೇಡಂ, ಈ ಅಕ್ಷರ ನಂದಲ್ಲ, ಯಾರು ಹಾಕಿದ್ದು ಅಂತ ಕೇಳ್ತಾರೆ” ಎಂದ. ನಾನೇ ಎಂದು ಹೇಳಲು ನನಗೆ ಆ ಹೊತ್ತಿಗೆ ಬಾಯಿ ಬರಲಿಲ್ಲ. ಮರುವಾರ ಅವನನ್ನು ಕರೆದು ಹೇಳಿದೆ, ಅರ್ಜಿಯನ್ನೂ ಬರೆದುಕೊಟ್ಟೆ. ಇದನ್ನು ಸಂಚಿಕೆಯಲ್ಲಿ ಬರೆಯುತ್ತೇನೆ ಎಂದು ಕೇಳಿದ್ದೆ, ಬರೆಯಿರಿ ಎಂದಿದ್ದಾನೆ.

ಒಕ್ಕದ ಹೆಸರು ಈಚೆಗೆ ಅಕ್ಷರದೊಳಗಿಂದ ಹೊರಗೆ ಬಂದಿದೆ. ಇದರಲ್ಲಿ ಹಾಕಿಯ ಪಾಲು ದೊಡ್ಡದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕುಟುಂಬಗಳ ನಡುವಿನ ಹಾಕಿ ಹಬ್ಬ ಆರಂಭಿಸಿದಾಗ ತಂಡಕ್ಕೆ ಇಟ್ಟದ್ದು ಒಕ್ಕದ ಹೆಸರನ್ನು, ಕಪ್ಪಿಗೆ ಇಟ್ಟದ್ದೂ ಅದನ್ನೇ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ಪಿಗೆ ಆಡಿದ್ದು 360 ತಂಡಗಳು. ಧ್ವನಿವರ್ಧಕದಲ್ಲಿ ದಿನವಿಡೀ ಒಕ್ಕದ ಹೆಸರುಗಳನ್ನು ಕೇಳಿದ ಮಕ್ಕಳು ಈಗ ನೋಟ್‌ಪುಸ್ತಕದ ಮೇಲೆ ಅದನ್ನು ಪೂರ್ತಿಯಾಗಿ ಬರೆಯುತ್ತಾರೆ. ಹೆಂಗಸರ ತವರಿನ ಒಕ್ಕ ಮಾತ್ರ ಕಾಣಸಿಗುವುದು ಮದುವೆ ಕಾಗದದಲ್ಲಿ ಮತ್ತು ಪತ್ರಿಕೆಯ ನಿಧನದ ಸುದ್ದಿಯಲ್ಲಿ, ಕಂಸದೊಳಗೆ ‘ತಾಮನೆ’ ಎಂದು. ಮದುವೆಯ ದಿನ ಎರಡೂ ಕಡೆಯ ಅರುವರು ನಿಂತು, ಕಲ್ಲು ಎಣಿಸಿ ಕೊಟ್ಟು, ಹುಡುಗಿಯನ್ನು ಒಂದು ಒಕ್ಕದಿಂದ ಇನ್ನೊಂದು ಒಕ್ಕಕ್ಕೆ ಸೇರಿಸುತ್ತಾರೆ. ಅಲ್ಲಿಂದ ಮುಂದೆ ಹುಟ್ಟಿದ ಮನೆಯ ಹೆಸರು ಅವಳಿಗೆ ಮರಳಿ ಸಿಗುವುದು ಸತ್ತ ದಿನ.

ಅಜ್ಜಿಯರ ಹೆಸರಿಗೂ ಈಗೀಗ ಅಲ್ಲೊಂದು ಇಲ್ಲೊಂದು ಜಾಗ ಸಿಗುತ್ತಿದೆ. ತಮಿಳು, ತೆಲುಗು ಸಿನಿಮಾಗಳಲ್ಲಿ ಹೆಸರು ಮಾಡಿದ ಕೊಡಗಿನ ಹುಡುಗಿ ವರ್ಷಾ ಬೊಳ್ಳಮ್ಮ. ಆ ಹೆಸರನ್ನು ಮೊದಲ ಸಲ ಟಿ.ವಿ.ಯ ಪರದೆಯ ಮೇಲೆ ಓದಿದಾಗ ನಾನು ಕುಳಿತಲ್ಲಿಂದ ಎದ್ದು ನಿಂತದ್ದನ್ನು ನೋಡಿ ಮನೆಯವರು ನಕ್ಕರು.

ಕಳೆದ ವರ್ಷ ನನ್ನ ಅಣ್ಣನ ಮಗನಿಗೆ ಬೆಂಗಳೂರಿನಲ್ಲಿ ಹೆಣ್ಣು ಮಗುವಾಯಿತು. ಫೋನು ಮಾಡಿ, “ಮಾವಿ, ಹೆಸರು ಇಶಾ ಅಂತ ಆಯ್ತು. ಹಿಂದೆ ಏನು ಹಾಕೋದು, ಅಪ್ಪನ ಹೆಸರೋ ನನ್ನ ಹೆಸರೋ?” ಎಂದು ಕೇಳಿದ. ನಾನು ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಥೇಟ್ ನಮ್ಮ ಅಪ್ಪನ ಹಾಗೆ. ಆಫೀಸಿನಲ್ಲಿ ಜನ ಉಚ್ಚರಿಸಲು ಕಷ್ಟಪಡುತ್ತಾರೆ ಎಂದ. ಬೊಳ್ಳಮ್ಮ ಎಂದು ಮಾಡೋಣವೇ ಎಂದ. ಅವನ ಹೆಂಡತಿ ಫೋನು ತೆಗೆದುಕೊಂಡು, “ಇಡುವುದಾದರೆ ಅವರನ್ನು ಕರೆಯುತ್ತಿದ್ದ ಹಾಗೇ ಇಡೋಣ ಮಾವಿ, ಆದರೆ ಮುಂದಿನ ಮಗುವಿಗೆ ನನ್ನ ತಾಯಿಯ ಹೆಸರು” ಎಂದಳು. ನ್ಯಾಯವಾದ ಮಾತು. ಒಪ್ಪಿಕೊಂಡೆ.

ಹನ್ನೆರಡನೆಯ ದಿನಕ್ಕೆ ಎಲ್ಲರೂ ಊರಿಗೆ ಬಂದರು. ಐನ್‌ಮನೆಯ ತೂಗುದೀಪದ ಹತ್ತಿರ ಹಳೆಯ ತೊಟ್ಟಿಲನ್ನು ತೊಳೆದು ಕಟ್ಟಿದೆವು. ಊಟ ಮುಗಿದ ಮೇಲೆ ಅಣ್ಣನ ಮಗ ಜಗಲಿಯಲ್ಲಿ ಕುಳಿತು ಜನನ ಪತ್ರದ ಫಾರಮನ್ನು ಮೊಬೈಲಿನಲ್ಲಿ ತುಂಬುತ್ತಿದ್ದ. ಒಕ್ಕದ ಹೆಸರು ಪೂರ್ತಿ ಹಾಕಿದ. ಇಶಾ ಎಂದು ಹಾಕಿದ. ಆಮೇಲೆ ತಲೆಯೆತ್ತಿ, “ಮಾವಿ, ಇಂಗ್ಲಿಷಿನಲ್ಲಿ ಬೊಳ್ಳವ್ವಕ್ಕೆ ಎಲ್ ಒಂದೋ ಎರಡೋ?” ಎಂದು ಕೇಳಿದ.

ಎರಡು ಹಾಕು ಎಂದೆ.