ಜೈಲಿನೊಳಗಿನ ಧ್ಯಾನ, ಶಾಲೆಯೊಳಗಿನ ಊಟ

ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ ನನಗೆ ನಿದ್ದೆ ಕೈಕೊಟ್ಟಿತು. ಏಳು ತಿಂಗಳಿಂದ ಫೆಲೋಶಿಪ್ ಹಣ ಬಂದಿರಲಿಲ್ಲ. ಮೆಸ್ ಬಾಕಿ ಏರುತ್ತಿದ್ದುದರಿಂದ ರಾತ್ರಿ ಊಟವನ್ನು ಬಿಸ್ಕತ್ತು, ಟೀಯಲ್ಲೇ ಮುಗಿಸುತ್ತಿದ್ದೆ. ಅಮ್ಮ ಫೋನಿನಲ್ಲಿ ‘ಊಟ ಆಯ್ತೇನೇ?’ ಎಂದರೆ ‘ಆಯ್ತಮ್ಮ’ ಎಂದು ಸುಳ್ಳು ಹೇಳುವುದು ರೂಢಿಯಾಗಿತ್ತು. ಅದೇ ಹೊತ್ತಿಗೆ ನಮಗೆಲ್ಲ ಒತ್ತಡ ನಿರ್ವಹಣೆಯ ಕಾರ್ಯಾಗಾರವೊಂದು ನಡೆಯಿತು. ಉಸಿರಿನ ಮೇಲೆ ಗಮನವಿಡಿ, ಡೈರಿ ಬರೆಯಿರಿ, ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ ಎಂದರು. ಒಂದೂ ತಪ್ಪು ಮಾತಲ್ಲ. ಆದರೂ ಹೊರಗೆ ಬರುವಾಗ, ನಿದ್ದೆಗೆಟ್ಟದ್ದೂ ನನ್ನದೇ ಸೋಲೇನೋ ಅನ್ನಿಸಿತು.

ಚರಿತ್ರೆಯ ವಿದ್ಯಾರ್ಥಿಗೆ ಒಂದು ಕೆಟ್ಟ ಚಾಳಿಯಿರುತ್ತದೆ. ಯಾವ ಮಾತು ಕೇಳಿದರೂ ಅದು ಎಲ್ಲಿಂದ ಬಂತು ಎಂದು ಹುಡುಕುವುದು. ‘ಸೆಲ್ಫ್ ಕೇರ್’ ಎಂಬ ಮಾತಿನ ಬೆನ್ನು ಹತ್ತಿದಾಗ ನನಗೆ ಸಿಕ್ಕವರು ಎರಿಕಾ ಹಗಿನ್ಸ್.

ಎರಿಕಾ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಪಕ್ಷ ಅದು. 1972ರಲ್ಲಿ ಮುಂಬೈಯಲ್ಲಿ ಆರಂಭವಾದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಪಡೆದದ್ದು ಅದರಿಂದಲೇ. ಕಪ್ಪು ಕೋಟು, ಕೈಯಲ್ಲಿ ಬಂದೂಕು ಇರುವ ಫೋಟೋಗಳಿಂದ ನಾವು ಆ ಪಕ್ಷವನ್ನು ಬಲ್ಲೆವು. ಆದರೆ 1969ರ ಜನವರಿಯಲ್ಲಿ ಅದು ಓಕ್‌ಲ್ಯಾಂಡಿನ ಚರ್ಚೊಂದರಲ್ಲಿ, ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿಯನ್ನು ಉಚಿತವಾಗಿ ಕೊಡಲು ಶುರುಮಾಡಿತ್ತು. ಮುಂದೆ ಊರೂರಿನಲ್ಲಿ ಉಚಿತ ಕ್ಲಿನಿಕ್‌ಗಳನ್ನು ತೆರೆದು, ಕಪ್ಪು ಜನರನ್ನು ಹೆಚ್ಚಾಗಿ ಕಾಡುತ್ತಿದ್ದ ಸಿಕಲ್ ಸೆಲ್ ರಕ್ತಹೀನತೆಯ ತಪಾಸಣೆಯನ್ನೂ ನಡೆಸಿತು. ತಮ್ಮ ಜನರನ್ನು ಬೇರೆಯವರು ನೋಡಿಕೊಳ್ಳುತ್ತಿಲ್ಲ, ನಾವೇ ನೋಡಿಕೊಳ್ಳಬೇಕು ಎಂಬುದು ಅದರ ಹಿಂದಿನ ವಿಚಾರ.

ಅದೇ ಜನವರಿ 17ರಂದು ಎರಿಕಾ ಅವರ ಗಂಡ ಜಾನ್ ಹಗಿನ್ಸ್‌ರನ್ನು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಎರಿಕಾ ಅವರಿಗೆ ಆಗ 21 ವರ್ಷ, ಮಗಳಿಗೆ ಮೂರು ವಾರ. ನಾಲ್ಕು ತಿಂಗಳಲ್ಲಿ, ಪಕ್ಷದ ಸದಸ್ಯನೊಬ್ಬನ ಕೊಲೆ ಪ್ರಕರಣದಲ್ಲಿ ನ್ಯೂ ಹೇವನ್ ಪೊಲೀಸರು ಅವರನ್ನು ಬಂಧಿಸಿದರು. ಸುಮಾರು ಎರಡು ವರ್ಷ ಜೈಲು. ಒಂದಷ್ಟು ಕಾಲ ಒಂಟಿ ಕೋಣೆ. ಎಳೆಗೂಸು ಹೊರಗೆ, ತಾಯಿ ಒಳಗೆ. ಅಲ್ಲಿ ಅವರು ಯೋಗವನ್ನೂ ಧ್ಯಾನವನ್ನೂ ತಾವೇ ಕಲಿತರು. ಮಗಳು ನೋಡಲು ಬಂದಾಗ ಅವಳೆದುರು ಕುಸಿಯದೆ ಕೂತಿರಬೇಕಿತ್ತಲ್ಲ.

ಉಸಿರಿನ ಮೇಲಿನ ಗಮನ ಒಬ್ಬ ಹೆಣ್ಣುಮಗಳನ್ನು ಜೈಲಿನಲ್ಲಿ ಉಳಿಸಿತು ಎಂದು ಓದಿದಾಗ, ಕಾರ್ಯಾಗಾರದ ಬಗ್ಗೆ ನನಗಿದ್ದ ತಾತ್ಸಾರ ಕರಗಿತು. ಆದರೆ ಆ ಬಾಗಿಲು ತೆರೆದದ್ದು ಧ್ಯಾನದಿಂದಲ್ಲ. ವಕೀಲರು ವಾದಿಸಿದರು. 1970ರ ಮೇ ತಿಂಗಳಲ್ಲಿ ಸಾವಿರಾರು ಜನ ನ್ಯೂ ಹೇವನ್‌ನಲ್ಲಿ ಸೇರಿ ಬಂಧಿತರ ಪರವಾಗಿ ದನಿ ಎತ್ತಿದರು. 1971ರಲ್ಲಿ ಜ್ಯೂರಿಯಲ್ಲಿ ಒಮ್ಮತ ಮೂಡದೆ, ನ್ಯಾಯಾಧೀಶರು ಆರೋಪಗಳನ್ನು ಕೈಬಿಟ್ಟರು.

ಬಿಡುಗಡೆಯಾದ ಮೇಲೆ ಎರಿಕಾ ಧ್ಯಾನವನ್ನು ತಮ್ಮೊಬ್ಬರ ಸ್ವತ್ತಾಗಿ ಇಟ್ಟುಕೊಳ್ಳಲಿಲ್ಲ. 1973ರಿಂದ 1981ರವರೆಗೆ ಪಕ್ಷದ ಓಕ್‌ಲ್ಯಾಂಡ್ ಕಮ್ಯೂನಿಟಿ ಶಾಲೆಯ ನಿರ್ದೇಶಕಿಯಾಗಿದ್ದರು. ಅಲ್ಲಿನ ಮಕ್ಕಳು ಧ್ಯಾನಕ್ಕೆ ಕೂರುತ್ತಿದ್ದರು. ಆ ಮಕ್ಕಳಿಗೆ ಶಾಲೆಯಲ್ಲೇ ಊಟವೂ ಇರುತ್ತಿತ್ತು. ನನಗೆ ಮುಖ್ಯವಾಗಿ ಕಂಡದ್ದು ಈ ಜೋಡಿ. ಹೊಟ್ಟೆ ತುಂಬಿಸುವ ಹೊಣೆ ಹೊತ್ತವರು ಕಣ್ಣು ಮುಚ್ಚಿ ಕೂರಲು ಹೇಳುವುದು ಬೇರೆ, ಆ ಹೊಣೆಯನ್ನು ಬದಿಗಿಟ್ಟು ಹೇಳುವುದು ಬೇರೆ.

ಇದನ್ನು ಓದಿದ ವಾರ ಪಕ್ಕದ ಕೋಣೆಯ ಸೀನಿಯರ್ ಅಕ್ಕನಿಗೆ ನನ್ನ ನಿದ್ದೆಯ ವಿಷಯ ಹೇಳಿದೆ. ‘ನಂಗೂ ಅಷ್ಟೇ ಕಣೇ. ಮೊದ್ಲೇ ಹೇಳ್ಬಾರ್ದಿತ್ತಾ?’ ಎಂದರು. ಈಗ ನಾವು ಆರು ಜನ ಇದ್ದಷ್ಟು ದುಡ್ಡು ಹಾಕಿ ರಾತ್ರಿ ಎಂಟಕ್ಕೆ ಒಟ್ಟಿಗೆ ಉಣ್ಣುತ್ತೇವೆ. ಫೆಲೋಶಿಪ್‌ಗಾಗಿ ಆರೂ ಜನ ಸಹಿ ಹಾಕಿದ ಪತ್ರ ಕೊಟ್ಟಿದ್ದೇವೆ. ಬೆಳಿಗ್ಗೆ ಹತ್ತು ನಿಮಿಷ ನಾನು ಕಣ್ಣು ಮುಚ್ಚಿ ಕೂರುವುದೂ ಉಂಟು.

ಹಣ ಇನ್ನೂ ಬಂದಿಲ್ಲ. ಅಮ್ಮ ಕೇಳಿದಾಗ ಸುಳ್ಳು ಹೇಳುವುದು ಮಾತ್ರ ತಪ್ಪಿದೆ.