ಬಳ್ಳಾರಿ 1999: ಹೊರಗಿನವರು ಕಂಡ ಚುನಾವಣೆ

ಇಪ್ಪತ್ತನೆಯ ಶತಮಾನದ ಬಹುಪಾಲು ಬಳ್ಳಾರಿಯ ಹೆಸರು ವಿದೇಶಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಅಪರೂಪ. ಕಾಣಿಸಿಕೊಂಡಾಗಲೂ ಅದು ಹೆಚ್ಚಾಗಿ ಸೆರೆಮನೆಯ ಊರಾಗಿಯೇ, 1921ರಲ್ಲಿ ಗಾಳಿಯಾಡದ ರೈಲು ಡಬ್ಬಿಯಲ್ಲಿ ಬಳ್ಳಾರಿ ಜೈಲಿಗೆ ಸಾಗಿಸಲಾಗುತ್ತಿದ್ದ ಸುಮಾರು 70 ಮಂದಿ ಮಾಪಿಳ್ಳೆ ಕೈದಿಗಳು ದಾರಿಯಲ್ಲೇ ಉಸಿರುಗಟ್ಟಿ ಸತ್ತಂಥ ದುರಂತಗಳ ನಡುವೆ. ಆ ಪರಿಚಯವನ್ನು ಬದಲಿಸಿದ್ದು 1999ರ ಲೋಕಸಭಾ ಚುನಾವಣೆ.

ಆ ವರ್ಷ ಏಪ್ರಿಲ್ 17ರಂದು ಅಟಲ್ ಬಿಹಾರಿ ವಾಜಪೇಯಿ ಅವರ ಸರ್ಕಾರ ಒಂದೇ ಮತದಿಂದ ಬಿದ್ದುಹೋಯಿತು. ವಿದೇಶದಲ್ಲಿ ಹುಟ್ಟಿದವರು ಪ್ರಧಾನಿಯಾಗಬಾರದೆಂದು ಮೇ ತಿಂಗಳಲ್ಲಿ ಕಾಂಗ್ರೆಸ್ಸಿನೊಳಗೇ ದನಿ ಎತ್ತಿದ ಶರದ್ ಪವಾರ್, ಪಿ.ಎ. ಸಂಗ್ಮಾ ಮತ್ತು ತಾರಿಕ್ ಅನ್ವರ್ ಪಕ್ಷದಿಂದ ಉಚ್ಚಾಟಿತರಾದರು. ಹೀಗೆ ಸೋನಿಯಾ ಗಾಂಧಿಯವರ ಜನ್ಮಮೂಲವೇ ಚುನಾವಣೆಯ ವಿವಾದವಾಗಿದ್ದಾಗ, ಅವರು ಅಮೇಠಿಯ ಜೊತೆಗೆ ದಕ್ಷಿಣದ ಯಾವ ಕ್ಷೇತ್ರದಿಂದ ನಿಲ್ಲುವರೆಂಬುದನ್ನು ಕಾಂಗ್ರೆಸ್ ಕೊನೆಯವರೆಗೂ ಗುಟ್ಟಾಗಿಟ್ಟಿತು. ಕಡಪದ ಹೆಸರು ತೇಲಿಬಂದು ಮಾಯವಾಯಿತು. ಆಗಸ್ಟ್ 18ರಂದು ಅವರು ಬಳ್ಳಾರಿಯಲ್ಲಿ ನಾಮಪತ್ರ ಸಲ್ಲಿಸಿದರು, ಭಾರತೀಯ ಜನತಾ ಪಕ್ಷವು ತರಾತುರಿಯಲ್ಲಿ ಸುಷ್ಮಾ ಸ್ವರಾಜ್ ಅವರನ್ನು ಕಳುಹಿಸಿ ಎದುರಿಗೆ ನಿಲ್ಲಿಸಿತು.

ದೂರದೇಶದ ಓದುಗನಿಗೆ ಎರಡು ಸಾಲಿನಲ್ಲಿ ಎಲ್ಲವನ್ನೂ ತಿಳಿಸಬೇಕಾದ ವರದಿಗಾರನಿಗೆ ಸಿದ್ಧವಿಶೇಷಣಗಳು ಬೇಕಾಗುತ್ತವೆ. ಬಿಬಿಸಿಯೂ ಬ್ರಿಟನ್, ಅಮೆರಿಕಗಳ ಪತ್ರಿಕೆಗಳೂ ಸೋನಿಯಾ ಅವರ ಹೆಸರಿನ ಹಿಂದೆ ‘ಇಟಲಿ ಸಂಜಾತೆ’ ಎಂಬ ಮಾತನ್ನು ಬಿರುದಿನಂತೆ ಅಂಟಿಸಿದ್ದವು. ಊರಿಗೆ ಸಿಕ್ಕ ವಿಶೇಷಣ ‘ಸುರಕ್ಷಿತ ಕ್ಷೇತ್ರ’, ಅಂದರೆ ಅಭ್ಯರ್ಥಿ ಯಾರೇ ಆದರೂ ಪಕ್ಷವೊಂದು ಗೆಲ್ಲುವುದು ಖಚಿತವೆಂದು ನಂಬಲಾದ ಕ್ಷೇತ್ರ. ಇದು ಸುಳ್ಳಲ್ಲ. 1952ರಿಂದ ಮೂರು ಬಾರಿ ಟೇಕೂರು ಸುಬ್ರಹ್ಮಣ್ಯಂ, ಆಮೇಲೆ ಎರಡು ಬಾರಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್, ಮುಂದೆ ಬಸವರಾಜೇಶ್ವರಿ, ಹೀಗೆ ಇಲ್ಲಿಂದ ಗೆದ್ದವರೆಲ್ಲ ಕಾಂಗ್ರೆಸ್ಸಿಗರೇ. ಸಾಲದ್ದಕ್ಕೆ 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಸಂಸತ್ತಿಗೆ ಮರಳಿದ ನೆನಪು ಎಲ್ಲರಿಗೂ ಇತ್ತು.

ಆದರೆ ‘ಹೊರಗಿನವರು ಯಾರು’ ಎಂಬ ಪ್ರಶ್ನೆ ಬಳ್ಳಾರಿಗೆ ಇಟಲಿಯಿಂದ ಬರಬೇಕಾಗಿರಲಿಲ್ಲ. ಮದರಾಸು ಪ್ರಾಂತ್ಯದಿಂದ ಆಂಧ್ರವನ್ನು ಬೇರ್ಪಡಿಸುವಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. ಆಗ ಕುರುಗೋಡನ್ನೂ ಒಳಗೊಂಡಿದ್ದ ಬಳ್ಳಾರಿ ತಾಲ್ಲೂಕು ಮಾತ್ರ ಎರಡೂ ಕಡೆಯವರ ಹಕ್ಕುಸಾಧನೆಗೆ ಸಿಕ್ಕಿತು. ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರು ವಿಚಾರಣೆ ನಡೆಸಿ ಕೊಟ್ಟ ವರದಿಯ ನಂತರವೇ 1953ರ ಅಕ್ಟೋಬರ್ 1ರಂದು ಅದು ಮೈಸೂರನ್ನು ಸೇರಿದ್ದು. ಗೆರೆ ಎಳೆದ ಮೇಲೂ ಜನರ ಓಡಾಟ ನಿಲ್ಲಲಿಲ್ಲ. ತುಂಗಭದ್ರಾ ಕಾಲುವೆಯ ನೀರು ಸಿರುಗುಪ್ಪದ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿದಾಗ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ನೆಲೆಸಿದರು, ಅವರ ಬಿಡಾರಗಳಿಗೆ ‘ಕ್ಯಾಂಪು’ ಎಂಬ ಹೆಸರು ಬಿತ್ತು. ಒಂದೆರಡು ತಲೆಮಾರು ಕಳೆದು ಅವು ಪೂರ್ಣ ಊರುಗಳಾದರೂ ಕ್ಯಾಂಪೆಂಬ ಹೆಸರು ಮಾತ್ರ ಹೋಗಲಿಲ್ಲ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಇಂಥ ಮತದಾರರ ಎದುರಿಗೆ ಪರಕೀಯತೆಯ ವಾದ ಹೂಡುವುದು ಸುಲಭವಾಗಿರಲಿಲ್ಲ.

ಸ್ಪರ್ಧೆಯನ್ನು ವಿದೇಶಿ ಸೊಸೆಗೂ ಸ್ವದೇಶಿ ಮಗಳಿಗೂ ನಡುವಿನ ಹೋರಾಟವೆಂದು ಭಾಜಪ ಬಣ್ಣಿಸಿತು. ಇಂಗ್ಲಿಷ್ ವರದಿಯಲ್ಲಿ ‘ವಿದೇಶಿ’ ಎಂಬ ಮೊದಲ ಪದವೇ ಚುಚ್ಚುವಂತೆ ಕೇಳಿಸಿದರೆ, ಕನ್ನಡದ ಕಿವಿಗೆ ಎರಡನೆಯ ಪದವೂ ಅಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಸೊಸೆ ಎಂದ ಮೇಲೆ ಹೊರಗಿನಿಂದ ಬಂದವಳೇ, ಅಕ್ಕಿ ತುಂಬಿದ ಸೇರನ್ನು ಒದ್ದು ಹೊಸ್ತಿಲು ದಾಟಿದ ಮೇಲೆ ಆಕೆ ಮನೆಯವಳೇ. ಮದುವೆಯಾದ ಮಗಳಾದರೋ ಬೇರೆ ಮನೆಗೆ ಸೇರಿದವಳು. ಎದುರಾಳಿಯನ್ನು ಸೊಸೆ ಎಂದು ಕರೆದಾಗಲೇ ಆ ಘೋಷಣೆ ತನ್ನ ವಾದದ ಅರ್ಧವನ್ನು ಬಿಟ್ಟುಕೊಟ್ಟಿತ್ತೆಂದರೆ ತಪ್ಪಾಗಲಾರದು. ಕಾನೂನಿನ ದೃಷ್ಟಿಯಿಂದಲೂ, ಭಾರತೀಯರನ್ನು ಮದುವೆಯಾದವರು ನೋಂದಣಿಯ ಮೂಲಕ ಪೌರತ್ವ ಪಡೆಯಲು ಅವಕಾಶವಿದ್ದು, ಸೋನಿಯಾ 1983ರಲ್ಲಿಯೇ ಅದನ್ನು ಪಡೆದಿದ್ದರು.

ಹೊರಗಿನ ವರದಿಗಾರರು ಸುಷ್ಮಾ ಅವರ ಕನ್ನಡವನ್ನೂ ಒಂದು ಸೋಜಿಗವೆಂಬಷ್ಟಕ್ಕೇ ಬಿಟ್ಟರು. ಹರಿಯಾಣದಲ್ಲಿ ಹುಟ್ಟಿದ ಅವರು ಸುಮಾರು ಎರಡು ವಾರದ ಪ್ರಚಾರದಲ್ಲಿಯೇ ವೇದಿಕೆಯ ಮೇಲೆ ಕನ್ನಡದಲ್ಲಿ ಮಾತಾಡುವಷ್ಟು ಕಲಿತುಬಿಟ್ಟದ್ದು, ನುಡಿಯ ಹೆಸರಿನಲ್ಲೇ ಗಡಿ ಗೊತ್ತಾದ ಈ ಸೀಮೆಯಲ್ಲಿ ಬರಿಯ ಜಾಣತನವೆನಿಸಲಿಲ್ಲ, ಮರ್ಯಾದೆ ಕೊಟ್ಟಂತೆ ಕಂಡಿತು.

ಸೆಪ್ಟೆಂಬರ್ 5ರಂದು ಮತದಾನ ನಡೆದು ಅಕ್ಟೋಬರ್‌ನಲ್ಲಿ ಎಣಿಕೆಯಾದಾಗ ಸೋನಿಯಾ 4,14,650 ಮತಗಳನ್ನೂ ಸುಷ್ಮಾ 3,58,550 ಮತಗಳನ್ನೂ ಪಡೆದಿದ್ದರು, ಅಂತರ 56,100. ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. ಸೋತವರು ಮಾತ್ರ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಹತ್ತಕ್ಕೂ ಹೆಚ್ಚು ವರ್ಷ ಈ ಊರಿಗೆ ಬಂದುಹೋಗುತ್ತಿದ್ದರು. 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದಾಗ ಹೊರಜಗತ್ತಿನ ಪತ್ರಿಕೆಗಳಿಗೆ ಇಲ್ಲಿ ಆಸಕ್ತಿ ಉಳಿದಿರಲಿಲ್ಲ. 2004ರಲ್ಲಿ ಅದೇ ಬಸವನಗೌಡರನ್ನು ಭಾಜಪದ ಜಿ. ಕರುಣಾಕರ ರೆಡ್ಡಿ ಸೋಲಿಸಿದರು, ಅರ್ಧ ಶತಮಾನದ ಸುರಕ್ಷಿತ ಕ್ಷೇತ್ರ ಹೀಗೆ ಕಾಂಗ್ರೆಸ್ಸಿನ ಕೈತಪ್ಪಿತು.